ಹದವರಿತ ಬೀಸಣಿಗೆ



ಮೂವತ್ತು ವರ್ಷಕ್ಕೂ ಮೀರಿ ಕನ್ನಡ ಪಾಠ ಹೇಳಿದವನು ಮೋಟಾರುಸೈಕಲ್ಲಿನ ರೇಡಿಯೇಟರನ್ನು ಕುರಿತು ಮಾತನಾಡಹೊರಟರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಆದರೆ ಈ ವಿಷಯದ ತಿರುಳು ಒಂದು ಅಚ್ಚಗನ್ನಡ ಮಾತಿನಲ್ಲಿಯೇ ಅಡಗಿದೆ. ಆ ಮಾತು ‘ಹದ’. ಬೆಲ್ಲದ ಪಾಕಕ್ಕೆ ಹದವುಂಟು, ಮುದ್ದೆಗೆ ಹದವುಂಟು, ಬಿತ್ತುವ ನೆಲಕ್ಕೂ ಹದವುಂಟು. ಇಂಜಿನ್ನಿನ ಬಿಸಿಗೂ ಒಂದು ಹದವುಂಟು. ಅದನ್ನು ಕಾಯುವ ಪುಟ್ಟ ಬೀಸಣಿಗೆಯನ್ನು ಯಾರ ವಶಕ್ಕೆ ಬಿಡಬೇಕು ಎಂಬುದೇ ಈ ಹೊತ್ತಿನ ವಿಚಾರ.

ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯಲ್ಲಿ ಗಾಡಿಯ ಓಟಕ್ಕೆ ಒದಗುವುದು ಸುಮಾರು ಕಾಲು ಭಾಗ, ಹೆಚ್ಚೆಂದರೆ ಮೂರರಲ್ಲೊಂದು ಭಾಗ. ಉಳಿದದ್ದೆಲ್ಲ ಶಾಖ. ಅದರಲ್ಲಿ ಒಂದಿಷ್ಟು ಹೊಗೆಕೊಳವೆಯಿಂದ ಹೊರಹೋದರೆ, ಇನ್ನೊಂದಿಷ್ಟು ಇಂಜಿನ್ನಿನ ಮೈಯಿಂದಲೇ ಹೊರಬೀಳಬೇಕು. ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಅಲ್ಯೂಮಿನಿಯಮ್ಮಾದರೋ 660 ಡಿಗ್ರಿಗೇ ಕರಗಿಬಿಡುವ ಲೋಹ. ಇಂಥ ಒಲೆಯನ್ನು ಇಂಥ ಪಾತ್ರೆಯಲ್ಲಿ ಹೊತ್ತಿಸಿಕೊಂಡು ನಾವು ನಿಶ್ಚಿಂತರಾಗಿ ಸವಾರಿ ಮಾಡುತ್ತೇವೆ.

ಹಿಂದಿನ ಗಾಡಿಗಳು ಈ ಶಾಖವನ್ನು ನೇರವಾಗಿ ಗಾಳಿಗೇ ಒಪ್ಪಿಸುತ್ತಿದ್ದವು. 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ದಿಗಳನ್ನು ನೆನಪಿಸಿಕೊಳ್ಳಿ. ಅವುಗಳ ಸಿಲಿಂಡರಿನ ಸುತ್ತ ತೆಳು ಲೋಹದ ರೆಕ್ಕೆಗಳು ಸಾಲಾಗಿ ಚಾಚಿಕೊಂಡಿದ್ದವು. ಎದುರುಗಾಳಿಯೇ ಅವುಗಳಿಗೆ ವೈದ್ಯ. 2018ರಲ್ಲಿ ಅದೇ ಜಾವಾ ಹೆಸರು ಮರಳಿ ಮಾರುಕಟ್ಟೆಗೆ ಬಂದಾಗ ಇಂಜಿನ್ನಿನ ಮುಂದೆ ರೇಡಿಯೇಟರು ಕುಳಿತಿತ್ತು. ಕಾಲ ಬದಲಾಗಿತ್ತು. ಸಣ್ಣ ಇಂಜಿನ್ನಿನಿಂದ ಹೆಚ್ಚು ಬಲವನ್ನು ಪಡೆದು ಹೊಗೆಯ ಕಟ್ಟಳೆಗಳಿಗೂ ಒಗ್ಗಬೇಕಾದರೆ ಉಷ್ಣತೆಯನ್ನು ಒಂದು ಕಟ್ಟಿನೊಳಗೆ ಇರಿಸಲೇಬೇಕು. ಅದಕ್ಕೆ ದ್ರವವೇ ತಕ್ಕ ವಾಹಕ.

ಈ ವ್ಯವಸ್ಥೆಯಲ್ಲಿ ಇಬ್ಬರು ಕಾವಲುಗಾರರಿದ್ದಾರೆ. ಮೊದಲನೆಯವನು ಥರ್ಮೋಸ್ಟಾಟ್. ಇಂಜಿನ್ನು ತಣ್ಣಗಿರುವಾಗ ಅವನು ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟು, ಕೂಲೆಂಟಿನ ಉಷ್ಣತೆ ಸುಮಾರು 80 ಡಿಗ್ರಿ ಮುಟ್ಟಿದ ಮೇಲೆ ಬಾಗಿಲು ತೆರೆಯುತ್ತಾನೆ. ಏಕೆಂದರೆ ಇಂಜಿನ್ನು ತೀರ ತಣ್ಣಗಿರುವುದೂ ದೋಷವೇ: ಪೆಟ್ರೋಲು ಸರಿಯಾಗಿ ಉರಿಯದು, ಎಣ್ಣೆ ದಪ್ಪಗೆ ಉಳಿದೀತು, ಸವೆತ ಹೆಚ್ಚೀತು. ಎರಡನೆಯವನು ಬೀಸಣಿಗೆಯನ್ನು ಎಬ್ಬಿಸುವವನು. ಗಾಡಿ ಓಡುವಾಗ ರೇಡಿಯೇಟರಿಗೆ ಎದುರುಗಾಳಿಯೇ ಸಾಕು. ಆ ವೇಗದಲ್ಲಿ ಬೀಸಣಿಗೆಯಿಂದ ಹೆಚ್ಚಿನ ಪ್ರಯೋಜನವೇನೂ ಇಲ್ಲ. ಆದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಸಂಜೆಯ ಹೊತ್ತು ಸಿಕ್ಕಿಕೊಂಡಾಗ ಇಂಜಿನ್ನು ಉರಿಯುತ್ತಿರುತ್ತದೆ, ಗಾಳಿ ಮಾತ್ರ ನಿಂತಿರುತ್ತದೆ. ಆಗ ಬೇಕು ಬೀಸಣಿಗೆ.

ಅದು ಏಳುವ ಉಷ್ಣತೆ ಗಾಡಿಯಿಂದ ಗಾಡಿಗೆ ಬೇರೆ. ಸಾಮಾನ್ಯವಾಗಿ 100 ಡಿಗ್ರಿಯ ಆಸುಪಾಸು. ನಿಲ್ಲುವುದು ಮಾತ್ರ ಅದೇ ಅಂಕಿಗಲ್ಲ, ಅದಕ್ಕಿಂತ ಕೆಲವು ಡಿಗ್ರಿ ಕೆಳಗೆ. ಏಳುವುದಕ್ಕೂ ನಿಲ್ಲುವುದಕ್ಕೂ ಒಂದೇ ಗೆರೆಯಿದ್ದರೆ ಬೀಸಣಿಗೆ ಘಳಿಗೆಗೊಮ್ಮೆ ಎದ್ದು ಘಳಿಗೆಗೊಮ್ಮೆ ಮಲಗುತ್ತ ಬೇಗ ಕೆಟ್ಟುಹೋದೀತು. 100 ಡಿಗ್ರಿಗೆ ನೀರು ಕುದಿಯುವುದಿಲ್ಲವೆ ಎಂದು ನೀವು ಕೇಳಬಹುದು. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡವನ್ನು ಹಿಡಿದಿಡುವುದರಿಂದಲೂ, ನೀರಿಗೆ ಎಥಿಲೀನ್ ಗ್ಲೈಕಾಲ್ ಬೆರೆತಿರುವುದರಿಂದಲೂ ಕುದಿಬಿಂದು 120 ಡಿಗ್ರಿಯ ಆಚೆಗೆ ಸರಿದಿರುತ್ತದೆ.

ಇಷ್ಟು ಪೀಠಿಕೆ ಏಕೆಂದರೆ, ನಮ್ಮ ಬೀದಿಯಲ್ಲಿ ಒಬ್ಬ ತರುಣನಿದ್ದಾನೆ. ಮನೆಮನೆಗೆ ಊಟ ತಲುಪಿಸುವ ಕೆಲಸ. ಹಳೆಯ ಗಾಡಿಯೊಂದನ್ನು ಕಂತಿನ ಮೇಲೆ ಕೊಂಡಿದ್ದ. ಬೀಸಣಿಗೆ ತಡವಾಗಿ ಏಳುತ್ತದೆ, ಕಾಲು ಸುಡುತ್ತದೆ ಎಂದು ಒಬ್ಬ ಮೆಕ್ಯಾನಿಕ್ಕಿನಲ್ಲಿ ಹೇಳಿಕೊಂಡ. ಆತ ಸ್ವಯಂಚಾಲಿತ ತಂತಿಯನ್ನು ಕತ್ತರಿಸಿ ಹ್ಯಾಂಡಲಿನ ಬಳಿ ಒಂದು ಸ್ವಿಚ್ಚು ಕೂರಿಸಿ, “ಬೇಕಾದಾಗ ನೀನೇ ಹಾಕಿಕೊ” ಎಂದ. ಒಂದು ಸಂಜೆ ಊಟ ತಲುಪಿಸುವ ಆತುರ, ಮೊಬೈಲಿನ ಕರೆ, ವಾಹನಗಳ ನಡುವೆ ತೆವಳಾಟ. ಸ್ವಿಚ್ಚು ಹಾಕುವುದು ಹುಡುಗನಿಗೆ ಮರೆತಿತ್ತು. ಕೂಲೆಂಟು ಕುದಿದು ಉಕ್ಕಿತು, ಹೆಡ್ ಗ್ಯಾಸ್ಕೆಟ್ ಸುಟ್ಟಿತು. ಹತ್ತು ದಿನದ ದುಡಿಮೆ ಹೋಯಿತು. ಕಂತು ಮಾತ್ರ ನಿಲ್ಲಲಿಲ್ಲ.

ಆ ಹುಡುಗನನ್ನು ಮರೆಗುಳಿಯೆನ್ನುವುದು ಸುಲಭ. ನನಗೆ ಹಾಗೆನಿಸದು. ಹಸಿದವನ ಊಟವನ್ನು ಹೊತ್ತು ಓಡುವವನ ಗಮನವೆಲ್ಲ ರಸ್ತೆಯ ಮೇಲಿರಬೇಕು. ಅದರಲ್ಲೊಂದು ಪಾಲನ್ನು ರೇಡಿಯೇಟರಿಗೆ ಮುಡಿಪಿಡೆಂದು ಹೇಳಿದ ಜೋಡಣೆಯೇ ತಪ್ಪು. ಸ್ವಿಚ್ಚು ಹಾಕಲೇಬೇಕೆಂದಿದ್ದರೆ ಅದಕ್ಕೊಂದು ಸರಿಯಾದ ಕ್ರಮವಿದೆ. ಶಾಲೆಯ ವಿಜ್ಞಾನ ಪುಸ್ತಕದ ಸರಣಿ ಜೋಡಣೆ, ಸಮಾಂತರ ಜೋಡಣೆ ನಿಮಗೆ ನೆನಪಿರಬಹುದು. ಸ್ವಯಂಚಾಲಿತ ಏರ್ಪಾಟಿನ ಸರಣಿಯಲ್ಲಿ ಸ್ವಿಚ್ಚಿದ್ದರೆ, ಮನುಷ್ಯ ಮರೆತಾಗ ಬೀಸಣಿಗೆ ಸತ್ತಂತೆಯೇ. ಸಮಾಂತರವಾಗಿದ್ದರೆ ಮನುಷ್ಯ ಬೀಸಣಿಗೆಯನ್ನು ಬೇಗ ಕರೆಯಬಲ್ಲ, ಆದರೆ ತಡೆಯಲಾರ. ಅವನು ಮರೆತರೂ ಯಂತ್ರ ಮರೆಯದು. ಕರೆಯುವ ಅಧಿಕಾರವಿರಲಿ, ತಡೆಯುವ ಅಧಿಕಾರ ಬೇಡ.

ಜೊತೆಗೆ ಕೆಲವು ಎಚ್ಚರಗಳು. ಬೀಸಣಿಗೆಯ ವಿದ್ಯುತ್ತು ರಿಲೇ ಮತ್ತು ಫ್ಯೂಜಿನ ಮೂಲಕವೇ ಹರಿಯಬೇಕು. ಬೀಗದ ಕೈ ತೆಗೆದಾಗ ಹೊಸ ಸ್ವಿಚ್ಚೂ ನಿರ್ಜೀವವಾಗಬೇಕು. ಇಲ್ಲದಿದ್ದರೆ ಬೆಳಗಾಗುವುದರೊಳಗೆ ಬ್ಯಾಟರಿ ಬರಿದಾದೀತು. ಉಷ್ಣತೆಯನ್ನು ಅಳೆಯುವ ಸಂವೇದಕದ ತಂತಿಗೆ ಮಾತ್ರ ಕೈ ಹಚ್ಚಬಾರದು. ಈಗಿನ ಗಾಡಿಗಳಲ್ಲಿ ಪೆಟ್ರೋಲಿನ ಅಳತೆಯೂ ಅದರ ಮಾತನ್ನೇ ನಂಬಿರುತ್ತದೆ. ಹೊಸ ಬೀಸಣಿಗೆಗೆ ತಂತಿಗಳನ್ನು ತಿರುವುಮುರುವಾಗಿ ಸೇರಿಸಿದರೆ ಅದು ಎದುರುಗಾಳಿಗೇ ಎದುರಾಗಿ ಊದುತ್ತದೆ.

ಬೀಸಣಿಗೆ ಏಳದಿದ್ದರೆ ಮೊದಲು ಫ್ಯೂಜನ್ನು ನೋಡಿ, ಆಮೇಲೆ ಎಲೆಗಳ ನಡುವೆ ಸಿಕ್ಕಿದ ಕೆಸರನ್ನು, ಆಮೇಲೆ ಕೂಲೆಂಟಿನ ಮಟ್ಟವನ್ನು. ನಮ್ಮ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿಯಬೇಡಿ. ಬಿಸಿನೀರ ಹಂಡೆಯ ಒಳಗೆ ಕಟ್ಟುವ ಬಿಳಿಯ ಪೊರೆ ಅಲ್ಲಿಯೂ ಕಟ್ಟುತ್ತದೆ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತಿರುಗಿಸಬೇಡಿ; ಒತ್ತಡದಲ್ಲಿರುವ ಆ ದ್ರವ ಮುಖಕ್ಕೆ ಚಿಮ್ಮುತ್ತದೆ. ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳಿಗೂ ನಾಯಿಗಳಿಗೂ ಎಟುಕದಂತಿಡಿ.

ಆ ತರುಣನ ಗಾಡಿ ಈಗ ಮತ್ತೆ ರಸ್ತೆಗೆ ಬಂದಿದೆ. ಕತ್ತರಿಸಿದ ತಂತಿಯನ್ನು ಇನ್ನೊಬ್ಬ ಮೆಕ್ಯಾನಿಕ್ ಬೆಸೆದು, ಸ್ವಿಚ್ಚನ್ನು ಸಮಾಂತರವಾಗಿ ಇರಿಸಿಕೊಟ್ಟಿದ್ದಾನೆ. ದುಡಿಯುವವನು ದುಡಿಮೆಯನ್ನು ನೋಡಿಕೊಳ್ಳಲಿ, ಹದವನ್ನು ಹದ ಬಲ್ಲ ಯಂತ್ರವೇ ನೋಡಿಕೊಳ್ಳಲಿ. ಗಾಡಿಗೆ ಹೊಸ ತಂತಿ ಎಳೆಸುವಾಗ ಒಂದೇ ಪ್ರಶ್ನೆ ಕೇಳಿ: “ನಾನು ಮರೆತರೆ ಏನಾಗುತ್ತದೆ?” ಇದಕ್ಕೆ ಸಮಾಧಾನದ ಉತ್ತರ ದೊರೆತರೆ ಆ ಕೆಲಸ ಮಾಡಿಸಿ, ದೊರೆಯದಿದ್ದರೆ ಗಾಡಿಯನ್ನು ಹಾಗೆಯೇ ಮನೆಗೆ ತನ್ನಿ.