ಹದಿನೆಂಟು ಜನರ ಬ್ಯಾಂಡ್‌ಗೆ ಹೊಸ ಸಂಗೀತ ಬರೆಯೋರು ಯಾರು?

ಇಯರ್‌ಫೋನ್ ಹಾಕ್ಕೊಂಡಿದ್ದೀರಲ್ವಾ? ಇವತ್ತಿನ ಮಾತು ಬಿಗ್ ಬ್ಯಾಂಡ್ ಜಾಝ್ ಬಗ್ಗೆ.

ಬಿಗ್ ಬ್ಯಾಂಡ್ ಅಂದ್ರೆ ಸಾಮಾನ್ಯವಾಗಿ ಐದು ಸ್ಯಾಕ್ಸೋಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರಾಂಬೋನ್, ಜೊತೆಗೆ ಪಿಯಾನೋ, ಬೇಸ್, ಡ್ರಮ್ಸ್, ಕೆಲವೊಮ್ಮೆ ಗಿಟಾರ್. ಹೆಚ್ಚುಕಮ್ಮಿ ಹದಿನಾರು, ಹದಿನೇಳು ಜನ. ಹೆಸರು ಕೇಳಿದ ಕೂಡಲೇ ಕಪ್ಪು-ಬಿಳುಪು ಸಿನಿಮಾ, 1930ರ ದಶಕದ ಅಮೆರಿಕದ ಡಾನ್ಸ್ ಹಾಲ್ ನೆನಪಾಗುತ್ತೆ. ಆ ಕಾಲದ ಟ್ಯೂನ್‌ಗಳನ್ನ ಅದೇ ಥರ ನುಡಿಸೋ ಬ್ಯಾಂಡ್‌ಗಳು ಈಗಲೂ ಇವೆ. ಜನ ಬರ್ತಾರೆ, ಖುಷಿಪಡ್ತಾರೆ, ತಪ್ಪೇನಿಲ್ಲ. ಆದರೆ ಅದಷ್ಟನ್ನೇ ‘ಸಂಪ್ರದಾಯ’ ಅಂದಾಗ ನನಗೆ ಸ್ವಲ್ಪ ಕಿರಿಕಿರಿ.

ಯಾಕೆ ಅಂತೀರಾ? ಡ್ಯೂಕ್ ಎಲಿಂಗ್ಟನ್ ಅವರನ್ನೇ ನೋಡಿ. ಅವರು ಟ್ರಂಪೆಟ್ ಅನ್ನೋ ವಾದ್ಯಕ್ಕೆ ಬರೀತಿರಲಿಲ್ಲ, ಅದನ್ನ ಊದೋ ಮನುಷ್ಯನಿಗೆ ಬರೀತಿದ್ರು. 1940ರಲ್ಲಿ ತಮ್ಮ ಟ್ರಂಪೆಟ್ ವಾದಕ ಕೂಟಿ ವಿಲಿಯಮ್ಸ್‌ಗೋಸ್ಕರ ಬರೆದ ರಚನೆಯ ಹೆಸರೇ ‘ಕನ್ಸರ್ಟೋ ಫಾರ್ ಕೂಟಿ’. ಅದೇ ವರ್ಷ ಕೂಟಿ ಬ್ಯಾಂಡ್ ಬಿಟ್ಟು ಬೆನ್ನಿ ಗುಡ್‌ಮನ್ ಕಡೆ ಹೋದ್ರು! ಎಲಿಂಗ್ಟನ್ ಸುಮ್ಮನೆ ಕೂರಲಿಲ್ಲ. ಬಂದ ಹೊಸಬರಿಗೆ ಹೊಸದು ಬರೆದರು. ಬಿಗ್ ಬ್ಯಾಂಡ್‌ನ ಹಳೇ ಪದ್ಧತಿ ಅಂತ ಒಂದಿದ್ರೆ ನನ್ನ ಲೆಕ್ಕದಲ್ಲಿ ಅದು ಇದೇ: ಎದುರಿಗೆ ಕೂತಿರೋರಿಗೆ ಹೊಸದಾಗಿ ಬರೆಯೋದು.

ಇದು ಎಲಿಂಗ್ಟನ್ ಜೊತೆ ಮುಗಿದುಹೋಗಲಿಲ್ಲ. 1966ರ ಫೆಬ್ರವರಿಯ ಒಂದು ಸೋಮವಾರ, ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ನೆಲಮಾಳಿಗೆ ಕ್ಲಬ್‌ನಲ್ಲಿ ಟ್ರಂಪೆಟ್‌ನ ಥ್ಯಾಡ್ ಜೋನ್ಸ್, ಡ್ರಮ್ಸ್‌ನ ಮೆಲ್ ಲೂಯಿಸ್ ಸೇರಿ ಒಂದು ಬ್ಯಾಂಡ್ ಶುರು ಮಾಡಿದ್ರು. ಸೋಮವಾರ ಯಾಕೆ? ಆ ರಾತ್ರಿ ವಾದ್ಯಗಾರರಿಗೆ ಬೇರೆ ಕೆಲಸ ಕಡಿಮೆ. 1979ರಲ್ಲಿ ಥ್ಯಾಡ್ ಡೆನ್ಮಾರ್ಕ್‌ಗೆ ಹೋದಮೇಲೆ ಬಾಬ್ ಬ್ರೂಕ್‌ಮೈಯರ್ ಬಂದು ತೀರಾ ಬೇರೆ ಥರದ ಸಂಗೀತ ಬರೆದರು. 1990ರಲ್ಲಿ ಮೆಲ್ ತೀರಿಕೊಂಡರು. ಬ್ಯಾಂಡ್ ಹೆಸರು ಬದಲಾಯ್ತು, ಸೋಮವಾರ ಬದಲಾಗಲಿಲ್ಲ.

ಈ ಬ್ರೂಕ್‌ಮೈಯರ್ ಹತ್ರ ಕಲಿತವರು ಮಾರಿಯಾ ಷ್ನೈಡರ್. ಗಿಲ್ ಎವಾನ್ಸ್ ಅವರಿಗೆ ಸಹಾಯಕಿಯೂ ಆಗಿದ್ರು. ಹಳೇ ಬ್ಯಾಂಡ್‌ಗಳಲ್ಲಿ ಸ್ಯಾಕ್ಸೋಫೋನ್ ಗುಂಪು ಏನೋ ಕೇಳುತ್ತೆ, ಟ್ರಂಪೆಟ್-ಟ್ರಾಂಬೋನ್ ಗುಂಪು ಜವಾಬು ಕೊಡುತ್ತೆ. ಗಿಲ್ ಎವಾನ್ಸ್ ಈ ಬೇಲಿ ಕಿತ್ತವರು. ಮಾರಿಯಾ ಕೂಡ ಹಾಗೇ. ಒಂದು ಕೊಳಲು, ಬಾಯಿಗೆ ಮ್ಯೂಟ್ ಹಾಕಿದ ಒಂದು ಟ್ರಂಪೆಟ್, ಒಂದು ಟ್ರಾಂಬೋನ್ ಸೇರಿ ಒಂದೇ ಸಾಲು ನುಡಿಸಿದ್ರೆ ಇದ್ಯಾವ ವಾದ್ಯ ಅಂತ ಗೊತ್ತೇ ಆಗಲ್ಲ. ಮೇಲಿಂದ ಅಕಾರ್ಡಿಯನ್ ಬೇರೆ.

ಸರಿ, ಇಷ್ಟು ಜನರ ರಿಹರ್ಸಲ್, ರೆಕಾರ್ಡಿಂಗ್‌ಗೆ ದುಡ್ಡು ಎಲ್ಲಿಂದ? ಗೊತ್ತಿರೋ ಹಳೇ ಟ್ಯೂನ್ ಆದ್ರೆ ಟಿಕೆಟ್ ಹೋಗುತ್ತೆ. ಯಾರೂ ಕೇಳದ ಹೊಸ ರಚನೆಗೆ? ಕಿಕ್‌ಸ್ಟಾರ್ಟರ್ ಇನ್ನೂ ಹುಟ್ಟಿರದ ಕಾಲದಲ್ಲಿ ಮಾರಿಯಾ ‘ಆರ್ಟಿಸ್ಟ್‌ಶೇರ್’ ಮೂಲಕ ಕೇಳುಗರನ್ನೇ ಮುಂಗಡ ಕೇಳಿದ್ರು. ಹೀಗೆ ಬಂದ ‘ಕನ್ಸರ್ಟ್ ಇನ್ ದ ಗಾರ್ಡನ್’ ಅಂಗಡಿಗೆ ಹೋಗಲೇ ಇಲ್ಲ, ಇಂಟರ್ನೆಟ್‌ನಲ್ಲಷ್ಟೇ ಮಾರಾಟವಾಯ್ತು. 2005ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು.

2020ರಲ್ಲಿ ಬಂದದ್ದು ‘ಡೇಟಾ ಲಾರ್ಡ್ಸ್’. ಎರಡು ಡಿಸ್ಕ್. ಒಂದರಲ್ಲಿ ಡಿಜಿಟಲ್ ಲೋಕ, ಇನ್ನೊಂದರಲ್ಲಿ ನಿಸರ್ಗ. ಒಂದು ರಚನೆಯ ಹೆಸರು ‘ಡೋಂಟ್ ಬಿ ಈವಿಲ್’. ಹೌದು, ಗೂಗಲ್‌ನ ಹಳೇ ಘೋಷವಾಕ್ಯವೇ! ಆಲ್ಬಮ್‌ಗೆ ಎರಡು ಗ್ರ್ಯಾಮಿ ಬಂತು, ಪುಲಿಟ್ಜರ್‌ನ ಅಂತಿಮ ಸುತ್ತಿಗೂ ಹೋಯ್ತು. ಆದರೆ ಮಾರಿಯಾ ಅದನ್ನ ಸ್ಟ್ರೀಮಿಂಗ್‌ಗೆ ಬಿಡಲಿಲ್ಲ. ಅಲ್ಲಿ ಸಿಗೋ ಪುಡಿಗಾಸು ಅಷ್ಟು ಜನರ ಬ್ಯಾಂಡ್‌ಗೆ ಯಾವ ಲೆಕ್ಕ ಅನ್ನೋದು ಅವರ ತಕರಾರು.

ಇಲ್ಲಿ ನಾನು ಸ್ವಲ್ಪ ಇಕ್ಕಟ್ಟಿನಲ್ಲಿದ್ದೀನಿ. ಅವರು ಹೇಳೋದು ನ್ಯಾಯ ಅನಿಸುತ್ತೆ. ಆದರೆ ಫೋನ್‌ನಲ್ಲೇ ಎಲ್ಲಾ ಕೇಳೋ, ಕಿಸೆಯಲ್ಲಿ ಡಾಲರ್ ಇಲ್ಲದ ಹತ್ತೊಂಬತ್ತರ ಹುಡುಗಿಗೆ ಈ ಸಂಗೀತ ಇದೆ ಅಂತ ಗೊತ್ತಾಗೋದಾದ್ರೂ ಹೇಗೆ? ಅವಳೇ ತಾನೇ ನಾಳೆ ಹೊಸದು ಬರೀಬೇಕಾದವಳು?

ಅಲ್ಲಿವರೆಗೆ ಒಂದು ಕೆಲಸ ಮಾಡಿ. ‘ಕನ್ಸರ್ಟೋ ಫಾರ್ ಕೂಟಿ’ ಸುಲಭವಾಗಿ ಸಿಗುತ್ತೆ, ಮೂರು ನಿಮಿಷ ಚಿಲ್ಲರೆ ಅಷ್ಟೇ. ಶುರುವಿನಲ್ಲಿ ಟ್ರಂಪೆಟ್ ಮೂಗಲ್ಲಿ ಮಾತಾಡಿದ ಹಾಗಿರುತ್ತೆ. ಮಧ್ಯದಲ್ಲಿ ಕೂಟಿ ಮ್ಯೂಟ್ ತೆಗೀತಾರೆ. ಆ ಜಾಗ ಸಿಕ್ಕಿದ್ರೆ ನಮಗೆ ಬರೆದು ತಿಳಿಸಿ.