ಆಟದ ಕಂಪ್ಯೂಟರಿನ ಬಿಸಿ ಎಲ್ಲಿಗೆ ಹೋಗುತ್ತದೆ?

ಬೇಸಿಗೆ ರಜೆ ಬಂತೆಂದರೆ ಎಷ್ಟೋ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಆನ್‌ಲೈನ್ ಆಟ ಆಡಲು ಕಂಪ್ಯೂಟರ್ ಬೇಕು. “ಲ್ಯಾಪ್‌ಟಾಪ್ ತಗೊಂಡರೆ ಓದಿಗೂ ಆಗುತ್ತೆ” ಅಂತ ಅಪ್ಪ. “ಆಟಕ್ಕಾದರೆ ಡೆಸ್ಕ್‌ಟಾಪೇ ಸರಿ” ಅಂತ ಅಣ್ಣ. ಇಬ್ಬರ ಮಾತಿನಲ್ಲೂ ಹುರುಳಿದೆ. ಯಾರ ಮಾತು ಯಾವಾಗ ಸರಿ ಎಂದು ತಿಳಿಯಲು ನಿಮ್ಮ ವಿಜ್ಞಾನ ಪುಸ್ತಕದ ಶಾಖದ ಪಾಠವೇ ಸಾಕು.

ಮೊದಲು, ಆಟ ನಡೆಯುವಾಗ ಒಳಗೆ ಏನಾಗುತ್ತದೆ ನೋಡೋಣ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕಿಗಳಿರುತ್ತವೆ. ಗುಣಿಸಿದರೆ 20 ಲಕ್ಷಕ್ಕೂ ಮಿಕ್ಕುತ್ತದೆ. ಆಟದ ಕಾರು ತಿರುವಿನಲ್ಲಿ ಹೊರಳಿದರೆ ಅಷ್ಟೂ ಚುಕ್ಕಿಗಳ ಬಣ್ಣವನ್ನು ಹೊಸದಾಗಿ ಲೆಕ್ಕ ಹಾಕಬೇಕು. ಅದೂ ಸೆಕೆಂಡಿಗೆ 60 ಸಲ! ಒಂದೊಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 17 ಮಿಲಿಸೆಕೆಂಡು, ಅಷ್ಟೇ.

ಈ ಕೆಲಸ ಗ್ರಾಫಿಕ್ಸ್ ಚಿಪ್ಪಿನದು. ಅದು ಏನನ್ನೂ ಎತ್ತುವುದಿಲ್ಲ, ತಳ್ಳುವುದಿಲ್ಲ. ಹಾಗಾದರೆ ಅದು ಎಳೆದುಕೊಂಡ ವಿದ್ಯುತ್ತು ಎಲ್ಲಿ ಹೋಯಿತು? ಶಕ್ತಿ ಮಾಯವಾಗುವುದಿಲ್ಲ ಎಂದು ನೀವು ಓದಿದ್ದೀರಲ್ಲ, ಹೆಚ್ಚೂಕಡಿಮೆ ಅಷ್ಟೂ ಶಾಖವಾಗಿಬಿಡುತ್ತದೆ. ಚಿಪ್ಪಿಗೆ 100 ವ್ಯಾಟ್ ಕೊಟ್ಟರೆ 100 ವ್ಯಾಟಿನಷ್ಟು ಬಿಸಿಯನ್ನು ಪೆಟ್ಟಿಗೆಯಿಂದ ಹೊರಗೆ ಹಾಕಲೇಬೇಕು. ಎಷ್ಟು ಬಿಸಿ ಹೊರಹಾಕಬಲ್ಲಿರೋ ಅಷ್ಟೇ ಕೆಲಸವನ್ನು ಚಿಪ್ಪಿನಿಂದ ತೆಗೆಯಬಹುದು. ಡೆಸ್ಕ್‌ಟಾಪಿಗೂ ಲ್ಯಾಪ್‌ಟಾಪಿಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳಿ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಎಂಬ ಗ್ರಾಫಿಕ್ಸ್ ಕಾರ್ಡ್ 2022ರಲ್ಲಿ ಡೆಸ್ಕ್‌ಟಾಪಿಗೆಂದು ಬಂತು. ಅದಕ್ಕೆ 450 ವ್ಯಾಟ್ ಬೇಕು. ಮರುವರ್ಷ ಅದೇ 4090 ಹೆಸರಿನಲ್ಲಿ ಲ್ಯಾಪ್‌ಟಾಪ್ ಚಿಪ್ಪೂ ಬಂತು. ಕಂಪನಿಯ ಲೆಕ್ಕದಲ್ಲಿ ಅದರ ಮೂಲ ಮಿತಿ 150 ವ್ಯಾಟ್. ಡೆಸ್ಕ್‌ಟಾಪಿನದರಲ್ಲಿ ಲೆಕ್ಕ ಮಾಡುವ ಪುಟ್ಟ ಘಟಕಗಳು 16,384, ಲ್ಯಾಪ್‌ಟಾಪಿನದರಲ್ಲಿ 9,728. ಹೆಸರು ಒಂದೇ, ಒಳಗಿನ ಚಿಪ್ಪು ಬೇರೆ. ಎರಡು ಸೆಂಟಿಮೀಟರಿನ ಆಸುಪಾಸು ದಪ್ಪವಿರುವ ಯಂತ್ರದೊಳಗೆ 450 ವ್ಯಾಟ್ ಸುರಿದರೆ ಆ ಬಿಸಿ ಹೊರಬರಲು ದಾರಿಯೇ ಇರುವುದಿಲ್ಲ.

ಡೆಸ್ಕ್‌ಟಾಪಿನ ಕ್ಯಾಬಿನೆಟ್ಟಿನಲ್ಲಿ ಜಾಗ ಧಾರಾಳ. ಚಿಪ್ಪಿನ ಮೇಲೆ ಸಾಲುಸಾಲು ತೆಳು ಲೋಹದ ಹಾಳೆಗಳ ಹೀಟ್‌ಸಿಂಕ್ ಕೂರಿಸಿ, ಅಂಗೈಗಿಂತ ದೊಡ್ಡ ಫ್ಯಾನಿನಿಂದ ಗಾಳಿ ಹಾಯಿಸುತ್ತಾರೆ. ಫ್ಯಾನು ದೊಡ್ಡದಾದರೆ ನಿಧಾನ ತಿರುಗಿಯೂ ಬೇಕಾದಷ್ಟು ಗಾಳಿ ತಳ್ಳುತ್ತದೆ, ಸದ್ದೂ ಕಡಿಮೆ. ಲ್ಯಾಪ್‌ಟಾಪಿನ ಪುಟ್ಟ ಫ್ಯಾನು ಅಷ್ಟು ಗಾಳಿಗಾಗಿ ಜೋರಾಗಿ ತಿರುಗಬೇಕು. ಆಟ ಶುರುವಾಗುತ್ತಿದ್ದಂತೆ ಅದು ‘ಗುಂಯ್’ ಎನ್ನುವುದು ಅದಕ್ಕೇ.

ಆದರೂ ಲ್ಯಾಪ್‌ಟಾಪಿನ ಒಳಗೊಂದು ಚೆಂದದ ಉಪಾಯವಿದೆ. ಅದರ ಹೆಸರು ಹೀಟ್‌ಪೈಪ್. ನೋಡಲು ಚಪ್ಪಟೆ ಮಾಡಿದ ತಾಮ್ರದ ಕೊಳವೆ. ಒಳಗೆ ಚೂರೇ ಚೂರು ನೀರಿರುತ್ತದೆ. ಗಾಳಿಯನ್ನು ಮೊದಲೇ ಹೊರತೆಗೆದಿರುವುದರಿಂದ ಒತ್ತಡ ಬಹಳ ಕಡಿಮೆ. ಹಾಗಾಗಿ ನೀರು 100 ಡಿಗ್ರಿ ಮುಟ್ಟುವ ಎಷ್ಟೋ ಮೊದಲೇ ಆವಿಯಾಗುತ್ತದೆ. ಚಿಪ್ಪಿನ ಬಿಸಿ ಹೀರಿಕೊಂಡ ಆವಿ ಕೊಳವೆಯ ತಣ್ಣಗಿನ ತುದಿಗೆ ಓಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟುತ್ತದಲ್ಲ, ಹಾಗೆಯೇ ಅಲ್ಲಿ ಮತ್ತೆ ನೀರಾಗಿ, ಹೊತ್ತು ತಂದ ಬಿಸಿಯನ್ನು ಲೋಹಕ್ಕೆ ಬಿಟ್ಟುಕೊಡುತ್ತದೆ. ಆ ಬಿಸಿಯನ್ನು ಫ್ಯಾನು ಹೊರಗೆ ಊದುತ್ತದೆ. ಕೊಳವೆಯ ಒಳಗೋಡೆಯಲ್ಲಿರುವ ಸೂಕ್ಷ್ಮ ಸಂದುಗಳ ಮೂಲಕ ನೀರು ತಾನಾಗಿ ಚಿಪ್ಪಿನ ಕಡೆಗೆ ಮರಳುತ್ತದೆ. ಪಂಪಿಲ್ಲ, ಮೋಟಾರಿಲ್ಲ! ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಇದನ್ನು ಮಾಡಿ ತೋರಿಸಿದರು. ಉಪಗ್ರಹಗಳಲ್ಲೂ ಹೀಟ್‌ಪೈಪುಗಳಿವೆ. ಇಂದಿನ ದೊಡ್ಡ ಡೆಸ್ಕ್‌ಟಾಪ್ ಹೀಟ್‌ಸಿಂಕುಗಳಲ್ಲೂ ಇವೆ.

ಇಷ್ಟಾದರೂ ಬಿಸಿ ಏರುತ್ತಲೇ ಹೋದರೆ? ಹೆಚ್ಚಿನ ಚಿಪ್ಪುಗಳು 90–100 ಡಿಗ್ರಿಯ ಹತ್ತಿರ ಬಂದಾಗ ಸುಟ್ಟುಹೋಗದಂತೆ ತಾವೇ ವೇಗ ಇಳಿಸಿಕೊಳ್ಳುತ್ತವೆ. ಆಗ ಆಟ ತಡವರಿಸುತ್ತದೆ. ಕೋಣೆ ಎಷ್ಟು ಬಿಸಿ ಎಂಬುದೂ ಇಲ್ಲಿ ಮುಖ್ಯ. ಚಿಪ್ಪು 90 ಡಿಗ್ರಿ, ಕೋಣೆ 25 ಡಿಗ್ರಿ ಇದ್ದರೆ ಅಂತರ 65. ಮೇ ತಿಂಗಳಲ್ಲಿ ಕಲಬುರಗಿಯ ಮನೆಯೊಂದರ ಕೋಣೆ 42 ಡಿಗ್ರಿ ಮುಟ್ಟಿತು ಅನ್ನಿ, ಅಂತರ 48ಕ್ಕೆ ಇಳಿಯಿತು. ಶಾಖ ಹರಿಯುವುದು ಈ ಅಂತರದಿಂದಲೇ. ಫ್ಯಾನಿನ ವೇಗ ಅಷ್ಟೇ ಇದ್ದರೆ ಹೊರಹೋಗುವ ಬಿಸಿ ಕಾಲು ಭಾಗಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಇನ್ನು ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟರಂತೂ ಕೆಳಗಿನ ಗಾಳಿಕಿಂಡಿಗಳನ್ನು ಬೆಡ್‌ಶೀಟು ಮುಚ್ಚಿಬಿಡುತ್ತದೆ. ಗಟ್ಟಿ ಮೇಜಿನ ಮೇಲಿಡಿ. ಡೆಸ್ಕ್‌ಟಾಪೂ ಹೊರತಲ್ಲ, ಹೀಟ್‌ಸಿಂಕಿನ ಸಂದುಗಳಲ್ಲಿ ಧೂಳು ಕೂತರೆ ಗಾಳಿ ಹಾಯುವುದಿಲ್ಲ. ಆಗಾಗ ಸ್ವಿಚ್ ಆರಿಸಿ, ವೈರ್ ತೆಗೆದು, ದೊಡ್ಡವರ ಕೈಯಲ್ಲಿ ಧೂಳು ತೆಗೆಸಬೇಕು.

ಆಟ ತಡವರಿಸಲು ಇನ್ನೊಂದು ಕಾರಣವಿದೆ. ಅದಕ್ಕೂ ಬಿಸಿಗೂ ಸಂಬಂಧವಿಲ್ಲ. ನೀವು ಗುಂಡಿ ಒತ್ತಿದ ಸುದ್ದಿ ಆಟ ನಡೆಸುವ ದೂರದ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ಹೋಗಿ ಉತ್ತರ ಬರಬೇಕು. ಈ ಹೋಗಿಬರುವ ಸಮಯವನ್ನೇ ಆಟಗಾರರು ಪಿಂಗ್ ಎನ್ನುವುದು. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ನೀವು ಬೆಂಗಳೂರಿನಲ್ಲಿ, ಸರ್ವರ್ ಮುಂಬೈಯಲ್ಲಿ, ನಡುವೆ 1,000 ಕಿಲೋಮೀಟರ್ ಕೇಬಲ್ ಎಂದುಕೊಳ್ಳಿ. ಹೋಗಿಬರಲು ಕನಿಷ್ಠ 10 ಮಿಲಿಸೆಕೆಂಡು ಬೇಕು. ಸರ್ವರ್ ಸಿಂಗಪುರದಲ್ಲಿದ್ದರೆ ನೇರ ದೂರವೇ 3,000 ಕಿಲೋಮೀಟರಿಗೂ ಹೆಚ್ಚು, ಅಂದರೆ ಕನಿಷ್ಠ 30 ಮಿಲಿಸೆಕೆಂಡು. ದಾರಿಯ ಸುತ್ತುಬಳಸು, ನಡುವಿನ ಉಪಕರಣಗಳು ಸೇರಿ ನಿಜವಾದ ಸಂಖ್ಯೆ ಇನ್ನೂ ಹೆಚ್ಚಿರುತ್ತದೆ. ಎಷ್ಟೇ ದುಬಾರಿ ಕಂಪ್ಯೂಟರ್ ತಂದರೂ ಬೆಳಕಿನ ವೇಗ ಬದಲಾಗದು. ಈ ವಿಷಯದಲ್ಲಿ ಅಪ್ಪ, ಅಣ್ಣ ಇಬ್ಬರದೂ ಸಮ.

ಬದಲಾಯಿಸಲು ಸಾಧ್ಯವಿರುವುದು ಮನೆಯೊಳಗಿನ ದಾರಿ. ವೈಫೈ ಗೋಡೆ ದಾಟುವಾಗ ಸೊರಗುತ್ತದೆ, ಪಕ್ಕದ ಮನೆಗಳ ವೈಫೈ ಜತೆ ರೇಡಿಯೊ ಅಲೆಗಳ ದಾರಿಯನ್ನು ಹಂಚಿಕೊಳ್ಳಬೇಕಾಗುತ್ತದೆ. ಲ್ಯಾನ್ ಕೇಬಲಿಗೆ ಆ ತಾಪತ್ರಯವಿಲ್ಲ. ಡೆಸ್ಕ್‌ಟಾಪಿಗೆ ಕೇಬಲ್ ಸಿಕ್ಕಿಸುವ ಕಿಂಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ತೆಳು ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಇರುವುದಿಲ್ಲ, ಯುಎಸ್‌ಬಿ ಅಡಾಪ್ಟರ್ ಬೇಕಾಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಅಮೆರಿಕದ ಮೈಕ್ ಮ್ಯೂಸ್ 1983ರಲ್ಲಿ ಬರೆದ ಪಿಂಗ್ ಎಂಬ ಪುಟ್ಟ ಪ್ರೋಗ್ರಾಮಿನ ಮಾದರಿಯದೇ ಒಂದು ಇಂದಿನ ಕಂಪ್ಯೂಟರುಗಳಲ್ಲೂ ಇದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಪಿಂಗ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು 8.8.8.8 (ಇದೊಂದು ಸರ್ವರಿನ ವಿಳಾಸ) ಎಂದು ಹೊಡೆದು ಎಂಟರ್ ಒತ್ತಿ. ನಾಲ್ಕು ಸಾಲು ಬರುತ್ತದೆ, ಪ್ರತಿ ಸಾಲಿನಲ್ಲೂ ಮಿಲಿಸೆಕೆಂಡಿನ ಲೆಕ್ಕ. ವೈಫೈಯಲ್ಲಿ ಒಮ್ಮೆ, ಲ್ಯಾನ್ ಕೇಬಲ್ ಸಿಕ್ಕಿಸಿ ಒಮ್ಮೆ ನೋಡಿ ಬರೆದಿಡಿ. ಯಾವುದರಲ್ಲಿ ಸಂಖ್ಯೆಗಳು ಹೆಚ್ಚು ಏರಿಳಿಯುತ್ತವೆ?

ಕರೆಂಟ್ ಹೋದರೆ? ಲ್ಯಾಪ್‌ಟಾಪಿಗೆ ಬ್ಯಾಟರಿಯಿದೆ, ನಿಜ. ವಿಮಾನಯಾನದ ಸುರಕ್ಷತಾ ನಿಯಮದಿಂದಾಗಿ ಹೆಚ್ಚಿನ ಲ್ಯಾಪ್‌ಟಾಪ್ ಬ್ಯಾಟರಿಗಳು 100 ವ್ಯಾಟ್-ಗಂಟೆಯೊಳಗೇ ಇರುತ್ತವೆ. ಯಂತ್ರ 200 ವ್ಯಾಟ್ ಎಳೆದರೆ ಅರ್ಧ ಗಂಟೆಗೆ ಖಾಲಿ. ಅಷ್ಟು ವಿದ್ಯುತ್ತನ್ನು ಒಮ್ಮೆಲೇ ಕೊಡುವುದೂ ಬ್ಯಾಟರಿಗೆ ಕಷ್ಟ, ಆದ್ದರಿಂದ ಪ್ಲಗ್ ತೆಗೆದ ಕೂಡಲೇ ಚಿಪ್ಪು ವೇಗ ಇಳಿಸುತ್ತದೆ. ಮೇಲಾಗಿ ಕರೆಂಟ್ ಹೋದಾಗ ವೈಫೈ ರೂಟರೂ ಆರಿರುತ್ತದೆ! ಯುಪಿಎಸ್ ಇಲ್ಲದಿದ್ದರೆ ಆನ್‌ಲೈನ್ ಆಟ ಎರಡರಲ್ಲೂ ನಿಲ್ಲುತ್ತದೆ. ಬರೆಯುತ್ತಿದ್ದ ಪ್ರಾಜೆಕ್ಟ್ ಮಾತ್ರ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ.

ರಿಪೇರಿಯ ಮಾತೂ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಡೆಸ್ಕ್‌ಟಾಪಿನ ಮದರ್‌ಬೋರ್ಡ್, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಕಾರ್ಡ್ ಹಳತಾದರೆ ಅದನ್ನಷ್ಟೇ ಬದಲಿಸಬಹುದು. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸ್ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ, ಅದನ್ನು ಬದಲಿಸುವ ಹಾಗಿಲ್ಲ.

ಕಂಪ್ಯೂಟರ್ ಒಂದೇ ಕೋಣೆಯಲ್ಲಿ ಇರುವುದಾದರೆ, ಆಟವೇ ಮುಖ್ಯವಾದರೆ ಅಣ್ಣನ ಮಾತು ಸರಿ. ಹಾಸ್ಟೆಲಿಗೋ ಅಜ್ಜಿಮನೆಗೋ ಒಯ್ಯಬೇಕಾದರೆ ಅಪ್ಪನ ಮಾತು ಸರಿ. ಲ್ಯಾಪ್‌ಟಾಪ್ ಎಂದೇ ತೀರ್ಮಾನವಾದರೆ ಇನ್ನೊಂದು ಕೆಲಸವಿದೆ. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಚಿಪ್ಪನ್ನು ಒಂದು ಲ್ಯಾಪ್‌ಟಾಪಿನಲ್ಲಿ 35 ವ್ಯಾಟಿಗೆ ಕಟ್ಟಿಹಾಕಿರಬಹುದು, ಇನ್ನೊಂದರಲ್ಲಿ 115 ವ್ಯಾಟಿನವರೆಗೂ ಓಡಲು ಬಿಟ್ಟಿರಬಹುದು. ಹಾಗಾಗಿ ಅಂಗಡಿಯವರು ಹೆಸರು ಹೇಳಿ ಮುಗಿಸಿದ ಮೇಲೆ ನೀವು ಕೇಳಿ: “ಅಂಕಲ್, ಇದರಲ್ಲಿ ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ?”