ಮೀನಿಗಿಂತ ಮೊದಲು ನೀರನ್ನು ಸಾಕಿರಿ

(ವಳಕಮದಿನ್ನಿಯಲ್ಲಿ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಿಂದ ಬಂದವರು ಈ ಬಯಲುಸೀಮೆಯಲ್ಲಿ ನಿಂತು ಮೀನಿನ ವಿಷಯ ಮಾತನಾಡುವುದು ವಿಚಿತ್ರವೆನಿಸಬಹುದು. ಆದರೆ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟೆಯ ಎಡದಂಡೆ ಕಾಲುವೆಯಿಂದ ನಿಮ್ಮ ನೆರೆಯ ಸಿಂಧನೂರಿನ ಗದ್ದೆಗಳನ್ನು ಸೇರುತ್ತಾರೆ. ನಮ್ಮನ್ನೂ ನಿಮ್ಮನ್ನೂ ಬೆಸೆದಿರುವುದು ಒಂದೇ ನೀರು. ಅಪರೂಪದ ಮೀಸೆಮೀನನ್ನು, ಅಂದರೆ ಕ್ಯಾಟ್‌ಫಿಶ್ಶನ್ನು, ಮೊದಲ ಬಾರಿಗೆ ಸಾಕಲು ಏನು ಸಿದ್ಧತೆ ಬೇಕೆಂದು ಇಲ್ಲಿಯ ವಿದ್ಯಾರ್ಥಿಗಳು ಕೇಳಿದ್ದಾರೆ. ನನ್ನ ಉತ್ತರ ಇಷ್ಟೇ: ಮೊದಲು ನೀರನ್ನು ಸಾಕಲು ಕಲಿಯಿರಿ, ಯಾವ ಮೀನನ್ನು ಹೊಳೆಯಲ್ಲೇ ಬಿಡಬೇಕೆಂಬುದನ್ನೂ ಕಲಿಯಿರಿ.

ಗಾಜಿನ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಟ್ಟರೆ ಅದು ಬದುಕುವುದು ಕಷ್ಟ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳು ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟು ದಿನ ಮೀನಿಲ್ಲದ ತೊಟ್ಟಿಯಲ್ಲಿ ಫಿಲ್ಟರನ್ನು ಓಡಿಸುತ್ತಾ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ಪರೀಕ್ಷಿಸಿದಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಮೀನು ತರಬೇಕು. ಹೆಪ್ಪಿಲ್ಲದೆ ಹಾಲು ಮೊಸರಾಗದು. ಈ ಜೀವಿಗಳಿಲ್ಲದೆ ನೀರು ಮೀನಿನ ಮನೆಯಾಗದು.

ಹೊಸಬರಿಗೆ ಒಪ್ಪುವುದು ತೊಟ್ಟಿಯಲ್ಲೇ ಮರಿಮಾಡಿಸಿದ ಕೋರಿಡೋರಾಸ್‌ನಂಥ ಸಣ್ಣ ಮೀಸೆಮೀನು. ಇದರ ಮೂಲ ದಕ್ಷಿಣ ಅಮೆರಿಕ. ಗುಂಪಿನಲ್ಲಿ ಬಾಳುವುದರಿಂದ ಕನಿಷ್ಠ 6 ಇರಬೇಕು. ಅವಕ್ಕೆ 2 ಅಡಿ ಉದ್ದದ ತೊಟ್ಟಿ ಬೇಕು. ಮೀಸೆಯಿಂದ ತಳವನ್ನು ತಡಕಿ ಆಹಾರ ಹುಡುಕುವ ಕಾರಣ ಚೂಪು ಜಲ್ಲಿ ಸಲ್ಲದು, ನುಣುಪಾದ ಮರಳು ಬೇಕು. ಆಗಾಗ ಮೇಲೆ ಬಂದು ಗಾಳಿ ನುಂಗುವುದರಿಂದ ಮುಚ್ಚಳದ ಕೆಳಗೆ ತುಸು ಜಾಗವಿರಲಿ. ಮೀಸೆಮೀನುಗಳಿಗೆ ಹುರುಪೆಯಿಲ್ಲ; ಕೋರಿಡೋರಾಸ್‌ಗೆ ಎಲುಬಿನ ಫಲಕಗಳಿದ್ದರೂ, ತಾಮ್ರದ ಔಷಧಿ ಮತ್ತು ಉಪ್ಪಿನ ವಿಷಯದಲ್ಲಿ ಎಚ್ಚರ ಅಗತ್ಯ.

ನಿಮ್ಮ ಸೀಮೆಯಲ್ಲಿ ಇನ್ನೆರಡು ತೊಡಕುಗಳಿವೆ. ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು; ಶೇಖರಿಸಿದ ಮಳೆನೀರನ್ನು ಬೆರೆಸಿ ಅದನ್ನು ಮೃದುಗೊಳಿಸಬಹುದು. ಬೇಸಿಗೆಯಲ್ಲಿ ಹೊರಗಿನ ಬಿಸಿ 40 ಡಿಗ್ರಿ ದಾಟುತ್ತದೆ. ಕೋರಿಡೋರಾಸ್‌ಗಳಿಗೆ ಹಿತವಾದುದು 22ರಿಂದ 26 ಡಿಗ್ರಿ. ನೀರು ಕಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುತ್ತದೆ. ಕರೆಂಟು ಹೋದಾಗ ನಡೆಯುವ ಬ್ಯಾಟರಿ ಗಾಳಿಪಂಪು, ಮನೆಯ ತಂಪಾದ ಮೂಲೆ ಇವೆರಡೂ ಇಲ್ಲದಿದ್ದರೆ ಆಸೆಯನ್ನು ಮುಂದೂಡುವುದೇ ಮೇಲು.

ಇನ್ನು 'ಅಪರೂಪ' ಎಂಬ ಮಾತಿಗೆ ಬರೋಣ. ಕಪ್ಪು ಬಿಳುಪು ಪಟ್ಟೆಯ ಜೀಬ್ರಾ ಪ್ಲೆಕೊ ಬ್ರೆಜಿಲ್‌ನ ಷಿಂಗು ನದಿಯೊಂದರಲ್ಲಿ ಮಾತ್ರ ಇರುವ ಮೀಸೆಮೀನು. ವಿಜ್ಞಾನಿಗಳು ಅದನ್ನು ವಿವರಿಸಿದ್ದು 1991ರಲ್ಲಿ. ಅಂದಗಾರ ಮೀನೆಂಬ ಮೋಹಕ್ಕೆ ಅದನ್ನು ಹಿಡಿದು ಸಾಗಿಸಿದರು. ಬೆಲೊ ಮೊಂಟೆ ಅಣೆಕಟ್ಟು ಅದರ ನೆಲೆಯ ನೀರಿನ ಹರಿವನ್ನೇ ಬದಲಿಸಿತು. 2022ರಲ್ಲಿ ಪನಾಮದಲ್ಲಿ ಸೇರಿದ ಸೈಟಿಸ್ ಸಭೆ ಅದನ್ನು ಅತ್ಯಂತ ಬಿಗಿಯಾದ ಒಂದನೆಯ ಅನುಬಂಧಕ್ಕೆ ಸೇರಿಸಿತು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೂ 2022ರಲ್ಲಿ ತಿದ್ದುಪಡಿಯಾಗಿ, ಸೈಟಿಸ್ ಪಟ್ಟಿಗೆ ಸೇರಿದ ವಿದೇಶಿ ಜೀವಿಗಳನ್ನು ಸಾಕುವವರು ನೋಂದಾಯಿಸಬೇಕೆಂಬ ನಿಯಮ ಬಂದಿದೆ. ಆದ್ದರಿಂದ ಬೆಲೆ ಕೇಳುವ ಮೊದಲು, ಇದು ತೊಟ್ಟಿಯಲ್ಲಿ ಹುಟ್ಟಿದ್ದೋ ಹೊಳೆಯಿಂದ ಹಿಡಿದದ್ದೋ ಎಂದು ಕೇಳಿ. ಉತ್ತರ ದೊರೆಯದಿದ್ದರೆ ಕೊಳ್ಳಬೇಡಿ.

ಅಪರೂಪದ ಮೀಸೆಮೀನು ದೂರದೇಶದ ಸ್ವತ್ತು ಮಾತ್ರವಲ್ಲ. ನಮ್ಮ ಘಟ್ಟದಿಂದಿಳಿದು ನೇತ್ರಾವತಿಯನ್ನು ಸೇರುವ ಕುಮಾರಧಾರೆಯಲ್ಲಿ ಸಿಕ್ಕ ಪುಟ್ಟ ಮೀಸೆಮೀನೊಂದನ್ನು 2013ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿ 'ಸೂಡೊಲಗುವಿಯ ಲ್ಯಾಪಿಲ್ಲಿಕೋಲ' ಎಂದು ಹೆಸರಿಟ್ಟರು. ಹೆಸರಿನ ಅರ್ಥ, ಸಣ್ಣ ಕಲ್ಲುಗಳ ನಡುವೆ ವಾಸಿಸುವುದು. ಯುಗಯುಗಗಳಿಂದ ನಮ್ಮ ಕಾಲಡಿಯ ಹರಳುಗಳ ಸಂದಿಯಲ್ಲಿದ್ದ ಜೀವಿಗೆ ಹೆಸರು ದೊರೆತದ್ದು ನಿನ್ನೆ ಮೊನ್ನೆ! ಇಂಥ ಮೀನಿಗೆ ಹರಿಯುವ ತಂಪು ನೀರು, ಹೂಳು ಮುಚ್ಚದ ಹರಳು ಇವೇ ಮನೆ. ಇದನ್ನು ಮನೆಗೆ ತರುವುದು ಸಾಕಣೆಯಲ್ಲ. ಹೊಳೆಯ ಮರಳನ್ನೂ ಹರಳನ್ನೂ ಬಗೆದು ಲಾರಿಗೆ ತುಂಬುವುದನ್ನು ತಡೆಯುವುದೇ ಇದರ ನಿಜವಾದ ಸಾಕಣೆ.

ಕೊನೆಯ ಸಿದ್ಧತೆ, ಮೀನು ಬೇಡವಾದ ದಿನಕ್ಕೆ. ಅಂಗಡಿಯಲ್ಲಿ ಬೆರಳುದ್ದವಿರುವ ಸಕ್ಕರ್ ಮೀನು ಒಂದಡಿಯನ್ನೂ ಮೀರಿ ಬೆಳೆಯುತ್ತದೆ. ಜಾಗ ಸಾಲದೆ ಜನ ಅದನ್ನು ಕೆರೆಗೆ ಬಿಟ್ಟರು. ಇಂದು ದೇಶದ ಹಲವು ಜಲಮೂಲಗಳಲ್ಲಿ ಅದು ದಂಡೆಗಳನ್ನು ಕೊರೆದು, ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ನಮ್ಮ ಮೀನುಗಳನ್ನು ನುಂಗುತ್ತದೆ. ಒಂದು ಮೀನಿಗೆ ತೋರಿದ ಕರುಣೆ ಸಾವಿರ ಮೀನುಗಳಿಗೆ ಮೃತ್ಯುವಾದೀತು. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ಬಲ್ಲ ಸಾಕಣೆದಾರರಿಗೆ ಒಪ್ಪಿಸಿ. ಕೆರೆಗೂ ಕಾಲುವೆಗೂ ಬಿಡಬೇಡಿ. ಪಡೆಯುವವರು ಯಾರೆಂಬುದನ್ನು ಕೊಳ್ಳುವ ಮೊದಲೇ ನಿಶ್ಚಯಿಸಿಕೊಳ್ಳಿ.

ಶಾಲೆಯಲ್ಲಿ ಒಂದು ತೊಟ್ಟಿಯಿಡಿ. ಆರು ವಾರ ಅದರಲ್ಲಿ ನೀರು ಮಾತ್ರ ಇರಲಿ. ದಿನವೂ ಪರೀಕ್ಷಿಸಿ ಬರೆದಿಡಿ. ಒಂದು ತೊಟ್ಟಿಯ ನೀರನ್ನು ಬದುಕಿಸುವ ಕಷ್ಟ ಅರಿತವರು ಹೊಳೆಯ ನೀರನ್ನು ಹಗುರವಾಗಿ ಕಾಣಲಾರರು.